ಎಕ್ಮೋ ಇಲ್ಲದೆ ಆಲ್ಕಾಪಾ: ನನ್ನ ಅನುಭವ

ಎಕ್ಮೋ (ಹೃದಯ, ಶ್ವಾಸಕೋಶಗಳ ಕೆಲಸವನ್ನು ದಿನಗಟ್ಟಲೆ ಹೊರಗಿನಿಂದ ಮಾಡುವ ಯಂತ್ರ) ಪಕ್ಕದಲ್ಲಿ ಇಟ್ಟುಕೊಳ್ಳದೆ ಆಲ್ಕಾಪಾ ಮುಟ್ಟಬೇಡಿ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಆಲ್ಕಾಪಾ ಅಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎಡ ಕರೊನರಿ ನಾಳ ಅಯೋರ್ಟಾದ (ಮಹಾಧಮನಿ) ಬದಲು ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಧಮನಿಯಿಂದ (ಪಿಎ) ಹುಟ್ಟುವ ಜನ್ಮದೋಷ; ಆಪರೇಷನ್‌ನಲ್ಲಿ ಅದನ್ನು ಅಯೋರ್ಟಾಕ್ಕೆ ಕೂರಿಸುತ್ತೇವೆ. ಇಎಫ್ (ಹೃದಯ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಶೇಕಡಾವಾರು) 20ರ ಆಸುಪಾಸು ಇರುವ ಮೂರು ತಿಂಗಳ ಕೂಸು, ಆಪರೇಷನ್ ವೇಳೆ ಹೃದಯದ ಕೆಲಸ ಮಾಡುವ ಪಂಪ್‌ನಿಂದ ಇಳಿಯೋದೇ ಇಲ್ಲ ಅಂತಿದ್ದರು. ಈಗ ನಮ್ಮಲ್ಲಿ ಬಹುಪಾಲು ಮಕ್ಕಳು ಎಕ್ಮೋ ಮುಖ ನೋಡದೆ ಮನೆಗೆ ಹೋಗುತ್ತಿದ್ದಾರೆ.

ಮಕ್ಕಳೆಲ್ಲ ಬರುವುದು ಡಿಸಿಎಂ (ಹೃದಯದ ಸ್ನಾಯುವೇ ಹಿಗ್ಗಿ ಸೋತ ಕಾಯಿಲೆ) ಅನ್ನುವ ಚೀಟಿ ಹಿಡಿದು. ಹಾಲು ಕುಡಿಯುವಾಗ ಬೆವರುತ್ತೆ, ಚೀರುತ್ತೆ. ಅಜ್ಜಿ ದೃಷ್ಟಿ ತೆಗೆದಾಗಿರುತ್ತೆ, ಗ್ಯಾಸ್ ಡ್ರಾಪ್ಸ್ ಕೂಡ ಮುಗಿದಿರುತ್ತೆ. ನಾನು ಎಕೋಗಿಂತ (ಹೃದಯದ ಅಲ್ಟ್ರಾಸೌಂಡ್) ಮೊದಲು ಇಸಿಜಿ ನೋಡುತ್ತೇನೆ. ಲೀಡ್ 1, ಎವಿಎಲ್‌ನಲ್ಲಿ ಆಳವಾದ ಕ್ಯೂ ಅಲೆ (ಸ್ನಾಯುವಿಗೆ ರಕ್ತ ಸಾಲದೆ ಪೆಟ್ಟಾದ ಗುರುತು) ಕಂಡರೆ ಹಳೇ ರಿಪೋರ್ಟ್ ಪಕ್ಕಕ್ಕಿಡುತ್ತೇನೆ. ಎಕೋದಲ್ಲಿ ಬಲ ಕರೊನರಿ ದಪ್ಪ, ಮೈಟ್ರಲ್ ಕವಾಟವನ್ನು ಹಿಡಿದಿರುವ ಪ್ಯಾಪಿಲ್ಲರಿ ಸ್ನಾಯು ಬೆಳ್ಳಗೆ. ನಿಧಾನದ ಹರಿವೂ ಕಾಣುವಂತೆ ಕಲರ್ ಸ್ಕೇಲ್ ಇಳಿಸಿದರೆ ಎಡ ಕರೊನರಿಯ ರಕ್ತ ಉಲ್ಟಾ ಹರಿದು ಪಲ್ಮನರಿಗೆ ಬೀಳೋದು ಕಾಣುತ್ತೆ. ಒಮ್ಮೆ ಸುಮ್ನೆ ಕುತೂಹಲಕ್ಕೆ ಹಳೇ ಡಿಸಿಎಂ ಫೈಲುಗಳ ಇಸಿಜಿ ತೆಗೆದು ಕೂತೆವು. ಅದರಲ್ಲೂ ಆಲ್ಕಾಪಾ ಕೇಸುಗಳು ಸಿಕ್ಕವು! ಆ ಮಕ್ಕಳನ್ನು ಫೋನ್ ಮಾಡಿ ವಾಪಸ್ ಕರೆಸಿದೆವು.

ಶುರುವಿನಲ್ಲಿ ಎಕ್ಮೋ ಹಾಕಿದ್ದೂ ಉಂಟು. ಒಂದು ಮಗುವಿಗೆ ಮೂರನೇ ದಿನ ರಕ್ತಸ್ರಾವ, ಆಮೇಲೆ ಸೋಂಕು. ಮಗುವೂ ಉಳಿಯಲಿಲ್ಲ, ಬಿಲ್ಲು ಆರೇಳು ಲಕ್ಷ ದಾಟಿತು. ಸರ್ಕಾರಿ ಆರೋಗ್ಯ ಯೋಜನೆಯ ಪ್ಯಾಕೇಜಿನಲ್ಲಿ ಅದರ ಮೂಲೆಯೂ ತುಂಬಲ್ಲ. ಮಗುವಿನ ಅಪ್ಪ ಆಟೋ ಮಾರಿದ್ದ. ಅದಾದ ಮೇಲೆ ಬೇರೆ ದಾರಿ ಹುಡುಕಲೇಬೇಕಾಯಿತು.

ಪಂಪ್ ಶುರುವಾದ ಕೂಡಲೇ ಎರಡೂ ಬ್ರಾಂಚ್ ಪಿಎ (ಪಲ್ಮನರಿ ಧಮನಿಯ ಕವಲುಗಳು) ಬಿಗಿಯುತ್ತೇನೆ. ಇಲ್ಲದಿದ್ದರೆ ಕರೊನರಿ ರಕ್ತ ಶ್ವಾಸಕೋಶಕ್ಕೆ ಸೋರಿಹೋಗುತ್ತೆ. ಹೃದಯವನ್ನು ನಿಲ್ಲಿಸುವ ದ್ರವ, ಕಾರ್ಡಿಯೋಪ್ಲೀಜಿಯಾ, ಅಯೋರ್ಟಾಕ್ಕೂ ಪಿಎಗೂ ಕೊಡುತ್ತೇನೆ. ಬಟನ್ (ಕರೊನರಿಯ ಬುಡದ ಸುತ್ತಲಿನ ಧಮನಿ ಗೋಡೆಯ ತುಂಡು) ಎಷ್ಟು ಅಗಲ ಕತ್ತರಿಸಿ, ಹೇಗೆ ತಿರುಗಿಸಿ ಕೂರಿಸುತ್ತೇನೆ ಅನ್ನೋದನ್ನು ಬರೆಯಲ್ಲ, ಓಟಿಗೆ ಬನ್ನಿ ತೋರಿಸುತ್ತೇನೆ. ಕೈ ಪಳಗಿದ್ದು ಮಾಂಸದಂಗಡಿಯಿಂದ ತಂದ ಮೇಕೆ ಹೃದಯಗಳ ಮೇಲೆ, ಒಂದಕ್ಕೆ ಮೂವತ್ತು ರೂಪಾಯಿ ಇರಬೇಕು ಆಗ.

ಅಸಲಿ ಕೆಲಸ ಅಯೋರ್ಟಾದ ಕ್ಲಾಂಪ್ ಬಿಟ್ಟು ಹೃದಯಕ್ಕೆ ಮತ್ತೆ ರಕ್ತ ಹರಿದ ಮೇಲಿನದು. ಹೃದಯವನ್ನು ಖಾಲಿಯಾಗಿಯೇ, ಎಡಗಡೆ ವೆಂಟ್ (ರಕ್ತ ಹೊರತೆಗೆಯುವ ನಳಿಕೆ) ಇಟ್ಟು, ಗಂಟೆ ಒಂದೂವರೆ ಗಂಟೆ ಬಡಿಯಲು ಬಿಡುತ್ತೇನೆ. ಅನಸ್ತೀಷಿಯಾದವರು ಗಡಿಯಾರ ನೋಡುತ್ತಾರೆ, ನೋಡಲಿ ಬಿಡಿ. ಎಡ ಹೃತ್ಕರ್ಣದ ಒತ್ತಡ ತೋರಿಸುವ ಎಲ್‌ಎ ಲೈನ್ ಹಾಕದೆ ಪಂಪ್‌ನಿಂದ ಇಳಿಯಲ್ಲ. ಹೃದಯಕ್ಕೆ ಬಲ ಕೊಡುವ ಮಿಲ್ರಿನೋನ್, ಚೂರು ಅಡ್ರಿನಲಿನ್, ಸರಾಸರಿ ಬಿಪಿ 40–45 ಇದ್ದರೆ ಸಾಕು. ಬಿಪಿ ಚೆನ್ನಾಗಿ ಕಾಣಲಿ ಅಂತ ಅಡ್ರಿನಲಿನ್ ಏರಿಸಿದರೆ ಆ ದಣಿದ ಹೃದಯ ಕೈಕೊಡುತ್ತೆ. ಎದೆ ಎರಡು ಮೂರು ದಿನ ತೆರೆದೇ ಇರುತ್ತೆ, ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವ ಪಿಡಿ ಕ್ಯಾತಿಟರ್ ಆಪರೇಷನ್ ಟೇಬಲ್ ಮೇಲೆಯೇ ಹಾಕಿರುತ್ತೇನೆ.

ಮೈಟ್ರಲ್ ಕವಾಟ ಸೋರುತ್ತಿದ್ದರೂ ಸಾಮಾನ್ಯವಾಗಿ ಕೈಹಾಕಲ್ಲ. ಸ್ನಾಯುವಿಗೆ ರಕ್ತ ಸಿಕ್ಕರೆ ಎಷ್ಟೋ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತೆ. ಸೋರಿಕೆ ಇಳಿಯದ ಮಕ್ಕಳೂ ಇದ್ದಾರೆ, ಅವರ ವಾಲ್ವನ್ನು ಆಮೇಲೆ ರಿಪೇರಿ ಮಾಡುತ್ತೇನೆ.