ಹೊಳಲ್ಕೆರೆಯ ಕೆಂಪು ಮಣ್ಣಲ್ಲಿ ಅನಾನಸ್: ನನ್ನ ಅನುಭವ

"ಅನಾನಸ್ ಬೆಳೆಯೋ ಬನವಾಸಿ ಕಡೆಯ ಮಳೆ ನಮ್ಮಲ್ಲೆಲ್ಲಿದೆಯಪ್ಪಾ?" ಊರಲ್ಲಿ ಎಲ್ಲರದೂ ಇದೇ ಮಾತು. ದೊಡ್ಡಪ್ಪನವರಂತೂ ಕಂದು (ನೆಡುವ ಮರಿಗಿಡ) ಇಳಿಸುವ ದಿನ ತೋಟದ ಕಡೆ ತಲೆಯೇ ಹಾಕಲಿಲ್ಲ. ಈಗ ಅವರೇ ನೆಂಟರನ್ನು ಕರೆತಂದು ತೋರಿಸುತ್ತಾರೆ.

2 ಎಕರೆ ತೆಂಗಿನ ಸಾಲುಗಳ ನಡುವೆ ಕ್ಯೂ ತಳಿಯ 6,000 ಕಂದು ಹಾಕಿದೆ. ಬಾಡಿಗೆ ಸೇರಿ 30,000 ರೂಪಾಯಿ ಆಗಿರಬೇಕು. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ನೀರು ಬಿಟ್ಟರೂ ಗಿಡ ತಡೆಯಿತು. ನಾನು ಸೋತಿದ್ದು ಮಾರುವಾಗ.

ಹಣ್ಣು ಇವತ್ತು ನಾಲ್ಕು, ನಾಳೆ ಹತ್ತು. ಗಾಡಿ ತುಂಬದೆ ವ್ಯಾಪಾರಿ ಬರಲ್ಲ. ಬಂದವರು ಕೆಜಿಗೆ 8 ರೂಪಾಯಿ ಕೇಳಿದರು. ಏಪ್ರಿಲ್ ಬಿಸಿಲಿಗೆ ಸುಮಾರು 500 ಹಣ್ಣಿನ ಒಂದು ಮಗ್ಗುಲು ಸುಟ್ಟಿತು. ಆ ವರ್ಷ ಕೈಯಿಂದಲೇ 40,000 ಹೋಯಿತು. ಈಗ ಕಾಯಿ ಮೇಲೆ ಗಿಡದ ಎಲೆಗಳನ್ನೇ ಎತ್ತಿ ಕಟ್ಟುತ್ತೇವೆ.

ಆಮೇಲೆ ಗಿಡಗಳಿಗೆ ಒಟ್ಟಿಗೆ ಹೂ ಬರಿಸುವ ಎಥ್ರೆಲ್ ಔಷಧಿ ಹಿಡಿದೆ. ಆತುರಕ್ಕೆ ಬಿದ್ದು 20 ಎಲೆಯ ಗಿಡಕ್ಕೇ ಹಾಕಿದೆ. ಹೂವೇನೋ ಬಂತು, ಹಣ್ಣು ಮುಷ್ಟಿಯಷ್ಟು! ಈಗ 40 ಎಲೆ ಎಣಿಸದೆ ಮುಟ್ಟುವುದಿಲ್ಲ. 10 ಲೀಟರ್ ನೀರಿಗೆ ಎಥ್ರೆಲ್ ಒಂದು ಎಂಎಲ್‌ಗೂ ಕಡಿಮೆ, ಯೂರಿಯಾ 200 ಗ್ರಾಂ, ಚಿಟಿಕೆ ವಾಷಿಂಗ್ ಸೋಡಾ. ಸುಳಿಗೆ 50 ಎಂಎಲ್, ಸಂಜೆ ಹೊತ್ತು. ಎಲ್ಲಕ್ಕೂ ಒಟ್ಟಿಗೆ ಹಾಕಲ್ಲ. 15 ದಿನಕ್ಕೆ 500 ಗಿಡ, ಅಷ್ಟೇ. ನೂರಕ್ಕೆ 80 ಗಿಡ ಜೊತೆಜೊತೆಗೇ ಹೂ ಬಿಟ್ಟವು. ದಿನಕ್ಕೆ 40 ಕೆಜಿ ಹಣ್ಣು ಅಂದರೆ ನಮ್ಮ ಮನೆಯವರು, ಅತ್ತಿಗೆ ಮತ್ತು ಇಬ್ಬರು ಆಳು ಸೇರಿ ಹೆಚ್ಚಿ ಮುಗಿಸುತ್ತಾರೆ.

ಹೌದು, ನಾನು ಹಣ್ಣು ಮಾರುವುದಿಲ್ಲ, ಒಣಗಿಸಿ ಮಾರುತ್ತೇನೆ. ಮೊದಲು ತಾರಸಿ ಮೇಲೆ ಹರವಿದೆ. ನೊಣ, ಧೂಳು ಎಲ್ಲಾ ಸೇರಿ ಕಪ್ಪಾಯಿತು. ಡ್ರೈಯರ್ 1.2 ಲಕ್ಷ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯ ಸಾಲದಲ್ಲಿ 35% ಸಹಾಯಧನ ಸಿಕ್ಕಿತು. ಮೊದಲ ತಿಂಗಳು ಹೋಳು ದಪ್ಪ ಮಾಡಿ, ಪ್ಯಾಕೆಟ್ಟೊಳಗೆ ಬೂಸ್ಟು ಬಂದು 15,000 ರೂಪಾಯಿಯ ಮಾಲು ವಾಪಸ್ ಬಂತು. ಈಗ ಅರ್ಧ ಬೆರಳಿಗಿಂತ ತೆಳು, 60 ಡಿಗ್ರಿ, ರಾತ್ರಿಯಿಡೀ. ಅದಕ್ಕೂ ಮುಂಚೆ ಸಕ್ಕರೆ ಪಾಕದಲ್ಲಿ ನೆನೆಸುತ್ತೇವೆ. ಎಷ್ಟು ಗಟ್ಟಿ, ಎಷ್ಟು ಹೊತ್ತು ಅನ್ನೋದನ್ನು ಬರೆಯಲ್ಲ, ಅದಕ್ಕೇ ಎರಡು ವರ್ಷ ಹೋಗಿದೆ. 10 ಕೆಜಿ ಹಣ್ಣಿಗೆ ಹತ್ತಿರ ಹತ್ತಿರ 1 ಕೆಜಿ ಸಿಗುತ್ತದೆ. ದಾವಣಗೆರೆಯ ಅಂಗಡಿಗಳು 800ಕ್ಕೆ ಕೊಳ್ಳುತ್ತವೆ. ನಮ್ಮ ಹೋಳಿನ ಬಣ್ಣ ಬೇರೆಯವರಿಗೆ ಇನ್ನೂ ಬಂದಿಲ್ಲ.

ಜಾಮ್ ಮಾಡಿ ನೋಡಿದೆ, ನೀರಾಯಿತು, ಬಿಟ್ಟೆ. ಸಿಪ್ಪೆಗೆ ಬೆಲ್ಲ ಹಾಕಿ ತಿಂಗಳು ಇಟ್ಟರೆ ಒಳ್ಳೆ ವಿನೆಗರ್ ಆಗುತ್ತದೆ. ನಡುವಿನ ದಿಂಡು ಹಸುವಿಗೆ.

ಈ ಮಳೆಗಾಲದಲ್ಲಿ ಅಡಿಕೆ ನಡುವೆಯೂ 2,000 ಕಂದು ಇಳಿಸಿದ್ದೇನೆ. ನಿನ್ನೆ ಎಣಿಸಿದೆ, 17 ಎಲೆ.