ಮಂಡಿನೋವಿನವರನ್ನು ಕರೆದುಕೊಂಡು ಎಡಿನ್‌ಬರೊಗೆ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದ ನಕ್ಷೆಯಲ್ಲಿ ಎರಡು ರಸ್ತೆಗಳು ಕೂಡುವಂತೆ ಕಾಣುವ ಕಡೆ ಅವು ನಿಜಕ್ಕೂ ಕೂಡುತ್ತವೆ ಎಂದು ನಂಬುವಂತಿಲ್ಲ. ಅನೇಕ ಕಡೆ ಒಂದರ ತಲೆಯ ಮೇಲೆ ಇನ್ನೊಂದು ಹಾದುಹೋಗುತ್ತದೆ. ನಾಲ್ಕನೇ ಜಾರ್ಜ್ ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದರೆ ಕೌಗೇಟ್ ರಸ್ತೆ ಬಾವಿಯ ತಳದಲ್ಲಿರುವಂತೆ ಕಾಣುತ್ತದೆ. 1788ರಲ್ಲಿ ತೆರೆದ ಸೌತ್ ಬ್ರಿಜ್‌ಗೆ 19 ಕಮಾನುಗಳಿದ್ದರೂ ಕಣ್ಣಿಗೆ ಬೀಳುವುದು ಒಂದೇ. ಉಳಿದವು ಕಟ್ಟಡಗಳ ಹಿಂದೆ ಮರೆಯಾಗಿವೆ. ಮೇಲೆ ನಡೆಯುವವರಿಗೆ ಅದು ಸೇತುವೆ ಎಂದೇ ಅನ್ನಿಸುವುದಿಲ್ಲ. ಮೊಬೈಲ್ ತೋರಿಸುವ ಐದು ನಿಮಿಷದ ನಡಿಗೆಯೊಳಗೆ ಎಷ್ಟು ಮೆಟ್ಟಿಲುಗಳು ಅಡಗಿವೆ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿಯುವುದು.

ಇಂಗ್ಲೆಂಡಿನ ದಕ್ಷಿಣದಲ್ಲಿರುವ ನನ್ನ ಮನೆಗೆ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಅಪ್ಪ, ಅಮ್ಮ ಬಂದಿದ್ದರು. ಅಮ್ಮನಿಗೆ ಎರಡೂ ಮಂಡಿ ನೋವು. ಹೀಗಾಗಿ ಪ್ರವಾಸದ ಯೋಜನೆಯನ್ನು ದೂರದ ಲೆಕ್ಕದಲ್ಲಿ ಹಾಕದೆ ಎತ್ತರದ ಲೆಕ್ಕದಲ್ಲಿ ಹಾಕಿದೆ. ಹೊರಡುವ ಮೊದಲೇ ಅಮ್ಮ ಒಂದು ಷರತ್ತು ಹಾಕಿದ್ದರು: “ಇಳಿಜಾರು ಎಷ್ಟಿದ್ದರೂ ನಡೆಯುತ್ತೇನೆ, ಮೆಟ್ಟಿಲು ಮಾತ್ರ ಇಳಿಸಬೇಡ.”

ತಿಂಗಳು ಆರಿಸುವುದು ಕಷ್ಟವಾಗಲಿಲ್ಲ. ಆಗಸ್ಟ್‌ನಲ್ಲಿ 1947ರಿಂದ ನಡೆದುಬಂದ ಕಲೋತ್ಸವಗಳು, ಜೊತೆಗೆ ಕೋಟೆಯ ಮುಂದೆ ಸೇನಾ ವಾದ್ಯಮೇಳ. ನಾಟಕದ ಹುಚ್ಚಿರುವವರಿಗೆ ಅದು ಸ್ವರ್ಗ. ಉಳಿದವರಿಗೆ ದುಬಾರಿ ಕೋಣೆ ಮತ್ತು ನೂಕುನುಗ್ಗಲು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆ ದಾಟುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ. ಮೇ ತಿಂಗಳ ನಡುಭಾಗದಲ್ಲಿ ಹೋದೆವು. ರಾತ್ರಿ ಒಂಬತ್ತಕ್ಕೂ ಬೆಳಕಿರುವುದರಿಂದ ಮಧ್ಯಾಹ್ನ ಕೋಣೆಗೆ ಮರಳಿ ಕಾಲು ಚಾಚಿ ಮಲಗಿ, ಸಂಜೆ ಮತ್ತೆ ಹೊರಡಬಹುದು. ವಯಸ್ಸಾದವರ ಜೊತೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಬಿಸಿಲಿದ್ದ ಬೆಳಿಗ್ಗೆಯೇ ಸಮುದ್ರದಿಂದ ಮಂಜು ನುಗ್ಗಿ ಕೋಟೆಯನ್ನೇ ನುಂಗಿಬಿಡುವುದುಂಟು, ಅದಕ್ಕೆ ಅಲ್ಲಿನವರು ‘ಹಾರ್’ ಎನ್ನುತ್ತಾರೆ. ಸ್ವೆಟರ್ ಬೇಕೇ ಬೇಕು.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ಇಳಿಯುವ ವೇವರ್ಲಿ ನಿಲ್ದಾಣ ಊರಿನ ನಟ್ಟನಡುವೆಯೇ ಇದೆ. ಅರವತ್ತು ದಾಟಿದವರು, ವಿದೇಶದಿಂದ ಬಂದವರಾದರೂ, ಹಿರಿಯರ ರೈಲ್‌ಕಾರ್ಡ್ ಕೊಳ್ಳಬಹುದು. ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಕೆಲವು ವಾರ ಮೊದಲೇ ಕಾಯ್ದಿರಿಸಿ, ಹೋಗುವಾಗ ರೈಲಿನ ಬಲಬದಿಯ ಆಸನಗಳನ್ನೇ ಹಿಡಿದೆ. ಡರಮ್‌ನ ಕ್ಯಾಥೆಡ್ರಲ್, ಬೆರಿಕ್‌ನ ಆಚೀಚೆ ಕಾಣುವ ಕಡಲು, ಎರಡೂ ಆ ಬದಿಗೇ ಬರುತ್ತವೆ.

ನನ್ನ ಹೆಚ್ಚಿನ ಸಮಯವನ್ನು ತಿಂದದ್ದು ವಸತಿ. ಅಮ್ಮನಿಗೆ ಹೊರಗಿನ ಊಟ ಒಗ್ಗುವುದಿಲ್ಲ, ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು ಆಗಲೇಬೇಕು. ಅಂದರೆ ಅಡುಗೆಮನೆಯಿರುವ ಫ್ಲಾಟ್ ಬೇಕು. ಹಳೆಯ ಊರಿನ ಫ್ಲಾಟುಗಳು ಚಿತ್ರದಲ್ಲಿ ಬಹಳ ಚೆಂದ. ಆದರೆ ಅವುಗಳಲ್ಲಿ ಹಲವು ಇರುವುದು ನಾಲ್ಕೈದು ಮಹಡಿಯ ಹಳೆಯ ಕಲ್ಲುಕಟ್ಟಡಗಳಲ್ಲಿ; ಸುತ್ತುಮೆಟ್ಟಿಲು, ಲಿಫ್ಟ್ ಇಲ್ಲ. ಜಾಹೀರಾತಿನಲ್ಲಿ ‘ಕೋಟೆಯ ನೋಟ’ ಎಂದಿದ್ದರೆ ಮೇಲಿನ ಮಹಡಿ ಎಂದು ಓದಿಕೊಳ್ಳುವುದನ್ನು ಬೇಗ ಕಲಿತೆ. ಹುಡುಕಬೇಕಾದದ್ದು ‘ಮೇನ್ ಡೋರ್’ ಫ್ಲಾಟ್: ನೆಲಮಹಡಿಯಲ್ಲಿದ್ದು, ಬೀದಿಯಿಂದ ನೇರ ಒಳಹೋಗಲು ತನ್ನದೇ ಬಾಗಿಲಿರುವ ಮನೆ. ಅದಕ್ಕೂ ಬೀದಿಯಿಂದ ಒಂದೆರಡು ಮೆಟ್ಟಿಲಿರಬಹುದಾದ್ದರಿಂದ ಮಾಲೀಕರಿಗೆ ಬರೆದು ಕೇಳಿಯೇ ಮುಂಗಡ ಕಟ್ಟಿದೆ. ಅಲ್ಪಾವಧಿಗೆ ಬಾಡಿಗೆಗೆ ಕೊಡುವ ಮನೆಗಳಿಗೆ ಈಗ ಪರವಾನಗಿ ಕಡ್ಡಾಯ, ಅದರ ಸಂಖ್ಯೆ ಜಾಹೀರಾತಿನಲ್ಲಿ ಇದೆಯೇ ಎಂದು ನೋಡಿಕೊಳ್ಳಿ. 2026ರ ಜುಲೈ 24ರಿಂದ ತಂಗುವವರಿಗೆ ವಸತಿ ವೆಚ್ಚದ ಮೇಲೆ ಶೇ 5ರಷ್ಟು ಪ್ರವಾಸಿ ತೆರಿಗೆಯೂ ಇದೆ. ಮೊದಲ ಐದು ರಾತ್ರಿಗಳಿಗೆ ಮಾತ್ರ.

ನಾವು ಉಳಿದದ್ದು ನ್ಯೂ ಟೌನ್‌ನಲ್ಲಿ. ಹೆಸರಿಗಷ್ಟೇ ಹೊಸದು, ಜೇಮ್ಸ್ ಕ್ರೇಗ್ ಅದರ ನಕ್ಷೆ ಹಾಕಿದ್ದು 1767ರಲ್ಲಿ. ನೇರ ಬೀದಿಗಳು, ಅಗಲವಾದ ಕಾಲುದಾರಿ. ಹಳೆಯ ಊರು ಎದುರಿನ ದಿಬ್ಬದ ಮೇಲೆ. ಹಿಂದೆ ಕೆರೆಯಿದ್ದ ನಡುವಿನ ತಗ್ಗಿನಲ್ಲಿ ಈಗ ರೈಲುಹಳಿಯೂ ಉದ್ಯಾನವೂ ಇವೆ. ಆ ತಗ್ಗನ್ನು ದಿನಕ್ಕೆ ಒಮ್ಮೆಗಿಂತ ಹೆಚ್ಚು ದಾಟಬಾರದು ಎಂಬುದು ನನ್ನ ನಿಯಮವಾಗಿತ್ತು. ದಿಬ್ಬದ ಮೇಲಿನದೆಲ್ಲ ಒಂದು ದಿನ, ಕೆಳಗಿನದೆಲ್ಲ ಇನ್ನೊಂದು ದಿನ.

ದಿಬ್ಬದ ದಿನ ಕೋಟೆಯ ಹತ್ತಿರದವರೆಗೆ ಟ್ಯಾಕ್ಸಿಯಲ್ಲಿ ಹೋಗಿ, ಅಲ್ಲಿಂದ ರಾಯಲ್ ಮೈಲ್ ಉದ್ದಕ್ಕೂ ಹೋಲಿರೂಡ್ ಅರಮನೆಯ ಕಡೆಗೆ ಇಳಿಯುತ್ತ ಬಂದೆವು. ಸದಾ ಮೇಲಿಂದ ಕೆಳಕ್ಕೆ ಹೋಗಬೇಕು, ತಿರುಗುಮುರುಗಾಗಿ ಅಲ್ಲ. ಕೋಟೆಯ ಟಿಕೆಟ್‌ಗೆ ಸಮಯ ಗೊತ್ತುಮಾಡಿರುತ್ತಾರೆ, ಮೊದಲೇ ಕೊಂಡರೆ ಅಗ್ಗ. ಒಳಗೆ ದುಂಡುಗಲ್ಲಿನ ಕಡಿದಾದ ಏರು. ನಡೆಯಲಾಗದವರನ್ನು ಮೇಲಿನ ಅಂಗಳಕ್ಕೆ ಕರೆದೊಯ್ಯಲು ಒಂದು ವಾಹನವಿದೆ, ಕೇಳಿದರೆ ಸಿಗುತ್ತದೆ. ಅಮ್ಮ ಅದರಲ್ಲಿ ಹೋದರು. ಸ್ಕಾಟ್ ಅರಸರ ಪಟ್ಟಾಭಿಷೇಕದ ಕಲ್ಲನ್ನು ನೋಡಲು ಹೋಗುವವರಿಗೆ ಒಂದು ಮಾತು: ಅದು ಈಗ ಅಲ್ಲಿಲ್ಲ, 2024ರಲ್ಲಿ ಪರ್ತ್ ನಗರದ ಮ್ಯೂಸಿಯಂ ಸೇರಿದೆ. 12ನೇ ಶತಮಾನದ ಸೇಂಟ್ ಮಾರ್ಗರೆಟ್ ಪ್ರಾರ್ಥನಾ ಮಂದಿರ ಇದೆ. ನಗರದಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ ಅದೇ. ನನಗೆ ಕೋಟೆಯಲ್ಲಿರುವ ಸ್ಕಾಟ್ ಅರಸರ ಒಡವೆಗಳಿಗಿಂತ ಆ ಪುಟ್ಟ ಕೋಣೆಯೇ ಹಿಡಿಸಿತು. ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ಬಿಟ್ಟು ದಿನವೂ ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುತ್ತಾರೆ. 1861ರಿಂದ ಬಂದ ಪದ್ಧತಿ, ಬಂದರಿನ ಹಡಗುಗಳಿಗೆ ಸಮಯ ತಿಳಿಸಲು ಶುರುವಾದದ್ದು. ಹತ್ತಿರ ನಿಲ್ಲುವ ಮೊದಲು ಹಿರಿಯರಿಗೆ ಹೇಳಿಡಿ.

ನಿಲ್ದಾಣದಿಂದ ದಿಬ್ಬ ಹತ್ತಲೇಬೇಕಾದರೆ ಮೆಟ್ಟಿಲಿನ ಓಣಿಗಳನ್ನು ಬಿಟ್ಟು ಕೋಬರ್ನ್ ಬೀದಿ ಹಿಡಿಯಿರಿ. 1850ರ ದಶಕದಲ್ಲಿ ಅದನ್ನು ಬಾಗಿಸಿ ಕಟ್ಟಿದ್ದೇ ಏರು ಸುಲಭವಾಗಲೆಂದು. ಎತ್ತರದಿಂದ ಊರು ನೋಡಲು ಎಲ್ಲರೂ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಬೆಟ್ಟ ಹತ್ತಿ ಎನ್ನುತ್ತಾರೆ. ಅಪ್ಪ ಮತ್ತು ನಾನು ಬೆಳಗಿನ ಹೊತ್ತು ಹತ್ತಿ ಬಂದೆವು. ಅಮ್ಮನಿಗೆ ಚೇಂಬರ್ಸ್ ಬೀದಿಯ ರಾಷ್ಟ್ರೀಯ ಮ್ಯೂಸಿಯಂ ಸಾಕಾಯಿತು: ಪ್ರವೇಶ ಉಚಿತ, ತಾರಸಿಯವರೆಗೆ ಲಿಫ್ಟ್, ಅಲ್ಲಿಂದ ಕೋಟೆಯೂ ಬೆಟ್ಟವೂ ಕಾಣುತ್ತವೆ.

ಕೆಳಗಿನ ದಿನವನ್ನು ಸಸ್ಯೋದ್ಯಾನಕ್ಕೆ ಇಟ್ಟೆವು. ಇದು ಅಪ್ಪನ ಆಯ್ಕೆ. ಅವರು ಅರಣ್ಯ ಇಲಾಖೆಯಲ್ಲಿದ್ದವರು. 1670ರಲ್ಲಿ ಬೇರೆಡೆ ಶುರುವಾಗಿ 1820ರ ದಶಕದಲ್ಲಿ ಈ ಜಾಗಕ್ಕೆ ಬಂದ ತೋಟ, ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿದ ಹ್ಯೂ ಕ್ಲೆಗ್‌ಹಾರ್ನ್ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದ. ಅಲ್ಲಿನ ಗಿಡಗಳ ಚಿತ್ರಗಳನ್ನು ಒಬ್ಬ ಮರಾಠಿ ಕಲಾವಿದನಿಂದ ಬರೆಸಿದ. ಮುಂದೆ ಮದ್ರಾಸ್ ಅರಣ್ಯ ಇಲಾಖೆಯನ್ನು ಕಟ್ಟಿದ. ಆ ಚಿತ್ರಗಳು ಈಗ ಈ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. “ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ ನಿಲ್ಲಿಸಬೇಕೆಂದು ಹಟ ಹಿಡಿದವನೂ ಇವನೇ,” ಎಂದರು ಅಪ್ಪ, ಮೆಚ್ಚುಗೆಯೋ ದೂರೋ ತಿಳಿಯದ ದನಿಯಲ್ಲಿ. ಗ್ರಂಥಾಲಯದ ಸಂಗ್ರಹವನ್ನು ಹೋದ ಕೂಡಲೇ ನೋಡಲಾಗದು, ಮುಂಚಿತವಾಗಿ ಬರೆದು ಸಮಯ ಗೊತ್ತುಮಾಡಿಕೊಳ್ಳಬೇಕು. ಮಲೆನಾಡಿನವರು ಯಾರಾದರೂ ಹೋಗುವುದಿದ್ದರೆ ರೈಲಿನ ಟಿಕೆಟ್ ಕೊಳ್ಳುವ ದಿನವೇ ಆ ಪತ್ರವನ್ನೂ ಬರೆದುಬಿಡಿ.