ಮೊಮ್ಮಕ್ಕಳಿಗೆ ಕಾಗದ: ಅರ್ಧ ನೀವು ಬರೆಯಿರಿ, ಅರ್ಧ ಅವರಿಗೆ ಬಿಡಿ

ದೂರದಲ್ಲಿರುವ ಮೊಮ್ಮಕ್ಕಳಿಗೆ ಕಾಗದ ಬರೆಯಲು ಶುರುಮಾಡಿದ ಅಜ್ಜ ಅಜ್ಜಿಯರು ಎರಡು ಮೂರು ಕಾಗದಕ್ಕೇ ಕೈಬಿಡುವುದುಂಟು. ಆ ಕಡೆಯಿಂದ ಉತ್ತರ ಬರುವುದಿಲ್ಲ. ಮಗುವಿಗೆ ಪ್ರೀತಿ ಇಲ್ಲವೆಂದೇನೂ ಅಲ್ಲ, ಆ ಕಾಗದದಲ್ಲಿ ಅದಕ್ಕೆ ಮಾಡಲು ಏನೂ ಇರುವುದಿಲ್ಲ. "ಹೇಗಿದ್ದೀಯ ಪುಟ್ಟಾ, ಚೆನ್ನಾಗಿ ಓದು, ಹೊತ್ತು ಹೊತ್ತಿಗೆ ಊಟ ಮಾಡು, ಅಪ್ಪ ಅಮ್ಮನ ಮಾತು ಕೇಳು" ಎಂದು ಮುಗಿದರೆ ಮಗು ಓದಿ, ಹೂಂ ಎಂದು ಪಕ್ಕಕ್ಕಿಡುತ್ತದೆ. ಅದೇ ಹಾಳೆಯ ತುದಿಯಲ್ಲಿ ತಲೆ ಮಾತ್ರ ಬಿಡಿಸಿ ಮೈ ಬಿಟ್ಟ ಒಂದು ಪ್ರಾಣಿ ಇದ್ದರೆ ಪೆನ್ಸಿಲ್ ಹುಡುಕಲು ಎದ್ದುಹೋಗುತ್ತದೆ. ಆದ್ದರಿಂದ ಕಾಗದವನ್ನು ಯಾವತ್ತೂ ಪೂರ್ತಿ ಮಾಡಬೇಡಿ.

ಸಾಮಾನು

ಎ5 ಅಳತೆಯ ಹಾಳೆ (148 × 210 ಮಿ.ಮೀ.) ಸಾಕು. ದೊಡ್ಡ ಹಾಳೆ ತುಂಬಿಸಲು ಹೋಗಿ ಬರೆಯುವವರಿಗೂ ಬೇಸರ, ಓದುವವರಿಗೂ ಬೇಸರ. ಎ5 ಹಾಳೆಯನ್ನು ಒಮ್ಮೆ ಮಡಿಸಿದರೆ ಸಿ6 ಲಕೋಟೆಯೊಳಗೆ (114 × 162 ಮಿ.ಮೀ.) ಸರಿಯಾಗಿ ಕೂರುತ್ತದೆ. ಬರವಣಿಗೆಗಷ್ಟೇ ಆದರೆ 80ರಿಂದ 100 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ) ಹಾಳೆ, ಬಣ್ಣ ಹಚ್ಚುವುದಿದ್ದರೆ 120ಕ್ಕಿಂತ ಹೆಚ್ಚಿನದು. ತೆಳು ಹಾಳೆಗೆ ನೀರುಬಣ್ಣ ತಗುಲಿದರೆ ಸುಕ್ಕುಗಟ್ಟುತ್ತದೆ, ಸ್ಕೆಚ್ ಪೆನ್ನಾದರೆ ಹಿಂಬದಿಗೆ ಮೂಡುತ್ತದೆ.

ತೂಕದ ಲೆಕ್ಕ ಗೊತ್ತಿದ್ದರೆ ಅಂಚೆ ಕಚೇರಿಯಲ್ಲಿ ತಬ್ಬಿಬ್ಬಾಗುವುದಿಲ್ಲ. 80 ಜಿಎಸ್‌ಎಂನ ಎ4 ಹಾಳೆ ಒಂದು ಸುಮಾರು 5 ಗ್ರಾಂ, ಎ5 ಅದರ ಅರ್ಧ. ಅನೇಕ ದೇಶಗಳಲ್ಲಿ ಮೊದಲ ದರ 20 ಗ್ರಾಂವರೆಗೆ ಇರುತ್ತದೆ. ಮೂರು ನಾಲ್ಕು ಎ5 ಹಾಳೆ, ಲಕೋಟೆ ಎಲ್ಲ ಸೇರಿ ಅದರೊಳಗೇ ನಿಲ್ಲುತ್ತದೆ.

ಬೆರಳು ನೋಯುವವರು, ಕೈ ನಡುಗುವವರು 0.7 ಅಥವಾ 1.0 ಮಿ.ಮೀ. ಮೊನೆಯ ಜೆಲ್ ಪೆನ್ನು ಹಿಡಿಯಲಿ. ಬಾಲ್ ಪೆನ್ನಿಗೆ ಬೇಕಾದಷ್ಟು ಒತ್ತಡ ಅದಕ್ಕೆ ಬೇಡ. ಪೆನ್ನು ಸಣ್ಣ ಎನಿಸಿದರೆ ಹಿಡಿಯುವ ಜಾಗಕ್ಕೆ ನಾಲ್ಕೈದು ರಬ್ಬರ್ ಬ್ಯಾಂಡ್ ಒತ್ತಾಗಿ ಸುತ್ತಿ. ಸಾಲು ಓರೆಯಾಗುತ್ತಿದ್ದರೆ ಇನ್ನೊಂದು ಹಾಳೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಗೆರೆ ಎಳೆದು, ಬರೆಯುವ ಹಾಳೆಯ ಅಡಿಗಿಡಿ. 80 ಜಿಎಸ್‌ಎಂ ಹಾಳೆಯಲ್ಲಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಕೂರಿಕೆಯಲ್ಲಿ ಮುಗಿಸಲೇಬೇಕೆಂದಿಲ್ಲ. ದಿನಕ್ಕೆ ಹತ್ತು ನಿಮಿಷದಂತೆ ಮೂರು ದಿನ ಬರೆದ ಕಾಗದಕ್ಕೆ ಮೂರು ದಿನದ ಸುದ್ದಿ ತಾನಾಗಿ ಸೇರುತ್ತದೆ.

ಏನು ಬರೆಯುವುದು

ಸುದ್ದಿ ಎಂದರೆ ದೊಡ್ಡದೇ ಆಗಿರಬೇಕಿಲ್ಲ. ಮಕ್ಕಳಿಗೆ ಹಿಡಿಸುವುದು ಕಣ್ಣಿಗೆ ಕಟ್ಟುವ ಒಂದೇ ಒಂದು ಸಂಗತಿ. "ಇಲ್ಲಿ ಎಲ್ಲರೂ ಕ್ಷೇಮ, ಬಿಸಿಲು ಜಾಸ್ತಿ" ಎಂದು ಬರೆಯುವ ಜಾಗದಲ್ಲಿ ಹೀಗೆ ಬರೆದು ನೋಡಿ:

"ಇವತ್ತು ಬೆಳಿಗ್ಗೆ ಹೊಸ್ತಿಲ ಮೇಲೆ ಒಂದು ಇರುವೆ ಚಿಟ್ಟೆಯ ರೆಕ್ಕೆ ಹೊತ್ತುಕೊಂಡು ಹೊರಟಿತ್ತು. ರೆಕ್ಕೆ ಅದಕ್ಕಿಂತ ಎಷ್ಟೋ ದೊಡ್ಡದು. ಗಾಳಿ ಬಂದಾಗಲೆಲ್ಲ ರೆಕ್ಕೆ ಹಾಯಿಯ ಹಾಗೆ ಎದ್ದು ಇರುವೆಯನ್ನೇ ಪಕ್ಕಕ್ಕೆ ಎಳೆಯುತ್ತಿತ್ತು. ಬಾಗಿಲ ಸಂದಿಯ ಹತ್ತಿರ ಬಂದು ನಿಂತಿತು. ಸಂದಿ ಸಣ್ಣದು, ರೆಕ್ಕೆ ಅಗಲ. ಆಮೇಲೆ ಅದು ಏನು ಮಾಡಿರಬಹುದು ಹೇಳು? ಚಿತ್ರ ಬರೆದು ಕಳಿಸು. ನಿಜವಾಗಿ ಏನಾಯಿತೆಂದು ಮುಂದಿನ ಕಾಗದದಲ್ಲಿ ಹೇಳುತ್ತೇನೆ."

ಹೇಳುವುದು ಇಷ್ಟೇ. ಆದರೆ ಕೊನೆಯಲ್ಲಿ ಮಗುವಿಗೊಂದು ಕೆಲಸ ಇದೆ, ಮುಂದಿನ ಕಾಗದಕ್ಕೆ ಕಾಯಲು ಒಂದು ನೆಪವೂ ಇದೆ.

ಪ್ರಶ್ನೆಯನ್ನೂ ಹಾಗೆಯೇ ಕೇಳಬೇಕು. "ಶಾಲೆ ಹೇಗಿದೆ" ಎಂದರೆ "ಚೆನ್ನಾಗಿದೆ" ಎಂಬ ಒಂದು ಪದ ಬರುತ್ತದೆ. "ನಿನ್ನ ಕಿಟಕಿಯಿಂದ ಕಾಣುವ ಮೂರು ವಸ್ತು ಯಾವುವು?", "ನಿನ್ನ ಬ್ಯಾಗಿನ ತಳದಲ್ಲಿ ಈಗ ಏನೇನಿದೆ?" ಎಂದು ಕೇಳಿ. ಎಣಿಸಿ, ಹುಡುಕಿ, ಬಿಡಿಸಿ ಉತ್ತರಿಸುವ ಪ್ರಶ್ನೆ ಕಾಗದಕ್ಕೆ ಒಂದೇ ಇರಲಿ. ಐದು ಕೇಳಿದರೆ ಅದು ಪರೀಕ್ಷೆ. ಮಾರ್ಕ್ಸ್, ರ‍್ಯಾಂಕ್, ತೂಕ, ಬಣ್ಣ, ಅಣ್ಣ ತಂಗಿಯರ ಜೊತೆ ಹೋಲಿಕೆ ಇವನ್ನು ಪೂರಾ ಬಿಟ್ಟುಬಿಡಿ.

"ನಾಳೆ ಪರೀಕ್ಷೆಯಲ್ಲವೇ" ಎಂಬಂಥ ಮಾತೂ ಬೇಡ. ಕಾಗದ ತಲುಪುವ ಹೊತ್ತಿಗೆ ನಾಳೆ ಕಳೆದು ವಾರವಾಗಿರುತ್ತದೆ.

ಇನ್ನೂ ಓದಲು ಬಾರದವರಿಗೆ

ಮೂರರಿಂದ ಐದು ವರ್ಷದವರಿಗೆ ಚಿತ್ರಗಾಗದವೇ ಸರಿ. ಆರೆಂಟು ಪದದ ವಾಕ್ಯ, ಅದರಲ್ಲಿ ಎರಡು ಮೂರು ಪದಗಳ ಜಾಗದಲ್ಲಿ ಚಿತ್ರ. ಒಟ್ಟು ಐದು ವಾಕ್ಯ ದಾಟುವುದು ಬೇಡ. ಅಲ್ಲಿ ದೊಡ್ಡವರು ಬೆರಳಿಟ್ಟು ಓದುತ್ತಾ ಹೋಗುತ್ತಾರೆ, ಚಿತ್ರ ಬಂದಲ್ಲಿ ನಿಲ್ಲಿಸುತ್ತಾರೆ, ಮಗು ಹೇಳುತ್ತದೆ.

ಕನ್ನಡದಲ್ಲಿ ಇದನ್ನು ಮಾಡುವಾಗ ವಿಭಕ್ತಿಯ ತೊಡಕೊಂದಿದೆ. ಮನೆಯ ಚಿತ್ರ ಬಿಡಿಸಿ ಪಕ್ಕದಲ್ಲಿ "ಗೆ" ಎಂದು ಬರೆದರೆ "ಮನೆಗೆ" ಎಂದು ಓದಿಕೊಳ್ಳುತ್ತದೆ. ನಾಯಿ, ಚಿಟ್ಟೆ, ಆನೆ ಇವೂ ಹಾಗೆಯೇ ಸರಾಗ. ಮರದ ಚಿತ್ರದ ಪಕ್ಕ "ದ ಮೇಲೆ" ಎಂದರೂ ನಡೆಯುತ್ತದೆ. ಬೆಕ್ಕಿನ ಚಿತ್ರಕ್ಕೆ "ಗೆ" ಸೇರಿಸಿದರೆ ಮಾತ್ರ ಮಗು "ಬೆಕ್ಕುಗೆ" ಎನ್ನುತ್ತದೆ. ಉಕಾರದಲ್ಲಿ ಮುಗಿಯುವ ಪದಗಳು ರೂಪ ಬದಲಿಸುವುದರಿಂದ ಅವನ್ನು ಪ್ರತ್ಯಯವಿಲ್ಲದ ಕಡೆಗೆ ಇಟ್ಟುಕೊಳ್ಳಿ: "ಬೆಕ್ಕು ಬಂತು". ಕ್ರಿಯಾಪದಕ್ಕೆ ಚಿತ್ರ ಬಿಡಿಸಲು ಹೋಗಬೇಡಿ. ಓಡುವುದೋ ನಡೆಯುವುದೋ ಕುಣಿಯುವುದೋ ಗೊತ್ತಾಗದೆ ಓದು ಅಲ್ಲೇ ನಿಂತುಹೋಗುತ್ತದೆ. ಚಿತ್ರ ಚೆನ್ನಾಗಿ ಬರುವುದಿಲ್ಲ ಎಂಬ ಸಂಕೋಚ ಬೇಡ. ನಾಲ್ಕು ಗೆರೆ, ಎರಡು ಕಿವಿ ಸಾಕು. ಗುರುತು ಸಿಕ್ಕದ ಚಿತ್ರವೇ ಅವರಿಗೆ ಹೆಚ್ಚು ನಗು.

ಅಕ್ಷರ ಕೂಡಿಸಿ ಓದುವವರಿಗೆ

ಐದರಿಂದ ಏಳರ ವಯಸ್ಸಿಗೆ ನಲವತ್ತು ಐವತ್ತು ಪದ ಮೀರಬಾರದು. ಅಕ್ಷರ 7-8 ಮಿ.ಮೀ. ಎತ್ತರ, ಸಾಲಿನಿಂದ ಸಾಲಿಗೆ 15 ಮಿ.ಮೀ. ಅಂತರ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡಕ್ಕೂ ಜಾಗ ಬೇಕು. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮಗು ತಡವರಿಸುತ್ತದೆ. ಮೋಡಿ ಮಾಡಿ ಬರೆಯಬೇಡಿ, ಪ್ರತಿ ಅಕ್ಷರ ಬಿಡಿಬಿಡಿಯಾಗಿರಲಿ.

ಕನ್ನಡವೇ ಓದಲು ಬಾರದ ಮೊಮ್ಮಗುವಾದರೆ ಅದು ಓದುವ ಭಾಷೆಯಲ್ಲಿ ಕಾಗದ ಬರೆದು, ಕೊನೆಗೆ ಒಂದೇ ಸಾಲು ಕನ್ನಡ ಹಾಕಿ. ಪ್ರತಿ ಕಾಗದಕ್ಕೆ ಒಂದು ಹೊಸ ಅಕ್ಷರ ಅಂಗೈಯಗಲ ಬರೆದು ಬಣ್ಣ ತುಂಬಲು ಬಿಡಿ. ಮೊದಲು ಅದರ ಹೆಸರಿನ ಅಕ್ಷರಗಳು, ಆಮೇಲೆ ಅಜ್ಜ, ಅಜ್ಜಿ. ಆ ಒಂದು ಸಾಲನ್ನು ನಿಮ್ಮ ದನಿಯಲ್ಲಿ ಓದಿ ಫೋನಿನಲ್ಲಿ ಕಳಿಸಿದರೆ ಉಚ್ಚಾರಣೆಯೂ ಕೈಸೇರುತ್ತದೆ.

ಎಂಟು ದಾಟಿದವರಿಗೆ ಗುಟ್ಟು

ಈ ವಯಸ್ಸಿನವರಿಗೆ ಗುಟ್ಟೆಂದರೆ ಪ್ರಾಣ. ನಮ್ಮ ವರ್ಣಮಾಲೆ ಗೂಢಲಿಪಿಗೆಂದೇ ಜೋಡಿಸಿದ ಹಾಗಿದೆ: ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದು. ಕ-ವರ್ಗ 1, ಚ-ವರ್ಗ 2, ಟ-ವರ್ಗ 3, ತ-ವರ್ಗ 4, ಪ-ವರ್ಗ 5. ಯ ರ ಲ ವ ಶ ಷ ಸ ಹ ಳ ಆರನೆಯ ಸಾಲು. ಮೊದಲ ಅಂಕಿ ಸಾಲು, ಎರಡನೆಯದು ಆ ಸಾಲಿನಲ್ಲಿ ಸ್ಥಾನ. ಆಗ "ಕಮಲ" ಎಂದರೆ 11 55 63. ಇದು ಪಳಗಿದ ಮೇಲೆ ಸ್ವರಕ್ಕೆ ಮೂರನೆಯ ಅಂಕಿ ಸೇರಿಸಿ: ಆ 2, ಇ 3, ಈ 4, ಉ 5, ಅಕಾರಕ್ಕೆ ಏನೂ ಇಲ್ಲ. "ನವಿಲು" ಆಗ 45 643 635. ಒತ್ತಕ್ಷರವಿರುವ ಪದ ಮೊದಲ ತಿಂಗಳು ಬೇಡ, ಅಲ್ಲಿ ಎಲ್ಲರೂ ಎಡವುತ್ತಾರೆ. ಕೋಷ್ಟಕವನ್ನು ಮೊದಲ ಕಾಗದದಲ್ಲಿ ಕಳಿಸಿ, ಗುಟ್ಟಿನ ಸಾಲನ್ನು ಎರಡನೆಯದರಲ್ಲಿ ಬರೆಯಿರಿ. ಬರೆದ ಅಂಕಿಗಳನ್ನು ನೀವೇ ಮತ್ತೆ ಬಿಡಿಸಿ ನೋಡಿ, ಆಮೇಲೆ ಲಕೋಟೆ ಅಂಟಿಸಿ. ಒಂದು ಅಂಕಿ ತಪ್ಪಿದರೂ ಮಗು ತನ್ನದೇ ತಪ್ಪೆಂದು ತಿಳಿದು ಕೈಬಿಡುತ್ತದೆ.

ಕಾಣದ ಬರಹಕ್ಕೆ ಬಿಳಿ ಕ್ರೇಯಾನ್ ಒಳ್ಳೆಯದು. ದಪ್ಪ ಬಿಳಿ ಹಾಳೆಯ ಮೇಲೆ ಗಟ್ಟಿಯಾಗಿ ಒತ್ತಿ ಬರೆಯಿರಿ. ಮಗು ಅದರ ಮೇಲೆ ನೀರುಬಣ್ಣ ಬಳಿದರೆ ಮೇಣವಿರುವಲ್ಲಿ ನೀರು ನಿಲ್ಲದೆ ಅಕ್ಷರ ಬೆಳ್ಳಗೆ ಮೂಡುತ್ತದೆ. ನಿಂಬೆರಸದಲ್ಲಿ ಬರೆಯುವುದೂ ಉಂಟು, ಆದರೆ ಅದನ್ನು ಓದಲು ಬಿಸಿ ತಾಗಿಸಬೇಕು. ಮಕ್ಕಳ ಕೈಗೆ ಅದು ಬೇಡ. ಬಣ್ಣ ಬಳಿಯುವ ಹಾಳೆಯಲ್ಲಿ ಜೆಲ್ ಪೆನ್ನಿನ ಬರಹವಿದ್ದರೆ ಕಲೆಸಿಹೋಗಬಹುದು, ಅದಕ್ಕೆ ಬೇರೆ ಹಾಳೆಯೇ ಇರಲಿ.

ಮಡಿಕೆ ಚಿತ್ರ ಎಲ್ಲ ವಯಸ್ಸಿಗೂ ಒಗ್ಗುತ್ತದೆ. ಎ5 ಹಾಳೆಯನ್ನು ಉದ್ದಕ್ಕೆ ಹಿಡಿದು 70 ಮಿ.ಮೀ.ಗೊಂದರಂತೆ ಮೂರು ಪಾಲು ಮಡಿಸಿ. ಮೇಲಿನ ಪಾಲಿನಲ್ಲಿ ನೀವು ತಲೆ ಬಿಡಿಸಿ, ಕುತ್ತಿಗೆಯ ಎರಡು ಗೆರೆಗಳನ್ನು ಮಡಿಕೆ ದಾಟಿ 5 ಮಿ.ಮೀ. ಕೆಳಕ್ಕೆ ಎಳೆದು, ತಲೆ ಕಾಣದಂತೆ ಹಿಂದಕ್ಕೆ ಮಡಿಸಿ ಕಳಿಸಿ. ಮಗು ಸೊಂಟದವರೆಗೆ ಬಿಡಿಸಿ, ಕಾಲಿನ ಗೆರೆ ಎಳೆದು ವಾಪಸು ಕಳಿಸುತ್ತದೆ. ನೀವು ಕಾಲು ಮುಗಿಸಿ ಬಿಚ್ಚಿ ನೋಡುತ್ತೀರಿ. ಕುತ್ತಿಗೆಯ ಗೆರೆ ಎಳೆಯಲು ಮರೆತರೆ ಮೈ ಎಲ್ಲಿಂದ ಶುರುವಾಗಬೇಕೆಂದು ತಿಳಿಯುವುದಿಲ್ಲ. ಒಟ್ಟಿಗೆ ಎರಡು ಹಾಳೆ ಓಡಿಸಿ, ಮುಗಿದ ಮೇಲೆ ನಿಮಗೊಂದು ಅವರಿಗೊಂದು.

ಹದಿಮೂರು ಕಳೆದವರಿಗೆ ಇವೆಲ್ಲ ಬೇಡವಾಗಬಹುದು. ಅವರಿಗೆ ಅರ್ಧ ಪುಟ, ಒಂದು ಅಭಿಪ್ರಾಯ ಕೇಳಿ, ಇಲ್ಲವೇ ಏನಾದರೂ ಕಲಿಸಿಕೊಡು ಎನ್ನಿ. ಅವರು ಬರೆದದ್ದನ್ನು ಅವರ ಅಪ್ಪ ಅಮ್ಮನಿಗೆ ಓದಿ ಹೇಳಬೇಡಿ.

ಲಕೋಟೆಯೊಳಗೆ ಮತ್ತು ಮೇಲೆ

ಗುಂಡಿ, ನಾಣ್ಯ, ಕಲ್ಲು ಹಾಕಿದರೆ ವಿಂಗಡಿಸುವ ಯಂತ್ರದಲ್ಲಿ ಲಕೋಟೆ ಹರಿಯುತ್ತದೆ. ಹಸಿ ಎಲೆ, ಹೂವು ಬೂಸಲು ಹಿಡಿಯುತ್ತದೆ. ರದ್ದಿ ಕಾಗದದ ನಡುವೆ ಭಾರದ ಪುಸ್ತಕದಡಿ ಒಂದೆರಡು ವಾರ ಒಣಗಿಸಿ ಕಳಿಸಬೇಕು. ಬೇರೆ ದೇಶಕ್ಕಾದರೆ ಎಲೆ, ಬೀಜ ಕಳಿಸಲೇಬೇಡಿ, ಅನೇಕ ದೇಶಗಳಲ್ಲಿ ಅದಕ್ಕೆ ನಿರ್ಬಂಧವಿದೆ. ಎಲೆಯ ಅಚ್ಚು ಕಳಿಸಿ: ಎಲೆಯನ್ನು ನರ ಎದ್ದಿರುವ ಬೆನ್ನು ಮೇಲಾಗಿಟ್ಟು, ತೆಳು ಹಾಳೆ ಹೊದಿಸಿ, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿದರೆ ನರನರವೂ ಮೂಡುತ್ತದೆ.

ಲಕೋಟೆಯ ಮೇಲೆ ಮಗುವಿನ ಹೆಸರೇ ಮೊದಲಿರಲಿ, ಕೆಳಗೆ ಅಪ್ಪ ಅಥವಾ ಅಮ್ಮನ ಹೆಸರು. ಅಂಚೆಪೆಟ್ಟಿಗೆಯ ಮೇಲೆ ದೊಡ್ಡವರ ಹೆಸರಷ್ಟೇ ಇದ್ದರೆ ಮಗುವಿನ ಹೆಸರಿನ ಕಾಗದ ವಾಪಸು ಹೋಗಬಹುದು. ಮೊದಲು ವಿಳಾಸ ಬರೆಯಿರಿ, ಉಳಿದ ಜಾಗದಲ್ಲಿ ಚಿತ್ರ. ಸ್ಟಾಂಪಿನ ಸುತ್ತ, ವಿಳಾಸದ ಕೆಳಗೆ ಏನೂ ಬೇಡ. ವಿದೇಶಕ್ಕೆ ಹೋಗುವುದಾದರೆ ಇಂಗ್ಲಿಷ್ ಲಿಪಿಯಲ್ಲಿ ಬರೆದು, ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಹಾಕಿ.

ಉತ್ತರಕ್ಕೆಂದು ನಿಮ್ಮ ವಿಳಾಸ ಬರೆದ ಖಾಲಿ ಲಕೋಟೆ ಜೊತೆಗಿಡಿ. ಒಂದೇ ದೇಶದೊಳಗಾದರೆ ಸ್ಟಾಂಪನ್ನೂ ಅಂಟಿಸಿ. ನಿಮ್ಮ ದೇಶದ ಸ್ಟಾಂಪು ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ, ಆಗ ಮಗುವಿನ ಮನೆಯವರೇ ತಂದಿಡಬೇಕು. ಇಬ್ಬರು ಮಕ್ಕಳಿದ್ದರೆ ಹೆಸರು ಬರೆದ ಎರಡು ಸಣ್ಣ ಲಕೋಟೆಗಳನ್ನು ಒಂದೇ ದೊಡ್ಡ ಲಕೋಟೆಯಲ್ಲಿ ಕಳಿಸಿ. ಬೇರೆ ಬೇರೆ ಕಳಿಸಿದರೆ ಒಂದು ಇವತ್ತು ಬಂದು ಇನ್ನೊಂದು ಮೂರು ದಿನ ತಡವಾಗುತ್ತದೆ, ಆ ಮೂರು ದಿನ ಒಂದು ಮಗುವಿಗೆ ತುಂಬಾ ಉದ್ದ.

ನಡೆಸಿಕೊಂಡು ಹೋಗಲು

ಹದಿನೈದು ದಿನಕ್ಕೊಂದು, ಅದೂ ಗೊತ್ತಾದ ವಾರದಂದು. ಕಾಗದದ ಮೇಲೆ ತಾರೀಖಿನ ಜೊತೆ ಸಂಖ್ಯೆಯನ್ನೂ ಹಾಕಿ: ಕಾಗದ 7, ಕಾಗದ 8. ಹಿಂದುಮುಂದಾಗಿ ಬಂದರೂ, ಒಂದು ಕಳೆದುಹೋದರೂ ತಿಳಿಯುತ್ತದೆ. ಸಣ್ಣ ನೋಟ್‌ಬುಕ್ಕಿನಲ್ಲಿ ಸಂಖ್ಯೆ, ಏನು ಬರೆದಿರಿ, ಏನು ಕೇಳಿದಿರಿ ಎಂದು ಒಂದು ಸಾಲು ಗುರುತು ಮಾಡಿಕೊಳ್ಳಿ. ಇರುವೆಯ ಕಥೆ ಎಲ್ಲಿಗೆ ನಿಂತಿತ್ತೆಂದು ನೀವು ಮರೆತರೂ ಮಗು ಮರೆಯುವುದಿಲ್ಲ.

ಮೂರು ಕಾಗದಕ್ಕೂ ಉತ್ತರವಿಲ್ಲದಿದ್ದರೆ ಕೆಲಸ ಇನ್ನೂ ಹಗುರ ಮಾಡಿ. ಕಾರ್ಡಿನಲ್ಲಿ ಎರಡು ಚೌಕ ಬಿಡಿಸಿ "ಹೌದು", "ಇಲ್ಲ" ಎಂದು ಬರೆದು ಕಳಿಸಿ, ಗುರುತು ಹಾಕಿ ತಿರುಗಿ ಕಳಿಸಿದರೆ ಅದೇ ಉತ್ತರ. ಫೋನಿನಲ್ಲಿ "ಕಾಗದ ಬಂತಾ?" ಎಂದು ಕೇಳಿ, "ಯಾಕೆ ಬರೆಯಲಿಲ್ಲ?" ಎಂದು ಕೇಳಬೇಡಿ. ಬರೆಸಲೇಬೇಕೆಂದು ಅಪ್ಪ ಅಮ್ಮನ ಬೆನ್ನು ಹತ್ತಬೇಡಿ.

ಬಂದ ಕಾಗದದ ಕಾಗುಣಿತ ತಪ್ಪನ್ನು ಎತ್ತಿ ಆಡಬೇಡಿ. ಅದೇ ಪದವನ್ನು ಮುಂದಿನ ಕಾಗದದಲ್ಲಿ ಸರಿಯಾಗಿ ಬಳಸಿದರೆ ಸಾಕು. ಮಕ್ಕಳು ತಾರೀಖು ಹಾಕುವುದಿಲ್ಲ, ಬಂದ ದಿನವೇ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಸ್ಟೇಪಲ್ ಪಿನ್ನು ತುಕ್ಕು ಹಿಡಿಯುತ್ತದೆ, ಸೆಲೋಟೇಪು ವರ್ಷಗಳಲ್ಲಿ ಹಳದಿಯಾಗಿ ಹಾಳೆಯನ್ನು ಕಲೆ ಮಾಡುತ್ತದೆ. ಎರಡೂ ಇಲ್ಲದೆ ಒಣಗಿದ ಡಬ್ಬಿಯಲ್ಲಿ ಸಾಲಾಗಿ ಇಟ್ಟುಕೊಳ್ಳಿ. ಮುಂದಿನದನ್ನು ಬರೆಯಲು ಕೂರುವಾಗ ಆ ಡಬ್ಬಿಯ ಕೊನೆಯ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟು, ಮಗು ಕೇಳಿದ್ದಕ್ಕೆ ಮೊದಲ ಸಾಲಿನಲ್ಲೇ ಉತ್ತರ ಕೊಡಿ.